ಮುದುಕಿ ಹಾಡಿದ ವಾರ

ಮಾರ್ಚ್ 3, ಭಾನುವಾರ, ಸಂಜೆ

ಈ ಕಥೆ ಮೊದಲು ಹೇಳಿದವನು ನಾನೇ. ಇವತ್ತು ಮಧ್ಯಾಹ್ನ, ರಿಪೇರಿಯವನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನರ್ಸಮ್ಮನ ಮೆಸೇಜು — 'ನಿಮ್ಮ ಮುದುಕಿ ಹಾಡಿದ ಕಥೆ ನಮ್ಮ ವಾರ್ಡಿನಲ್ಲಿ ಹೇಳಿದೆ, ಹೊಟ್ಟೆ ಹಿಡ್ಕೊಂಡು ನಕ್ಕರು.' ಕಥೆಗೆ ಆಗಲೇ ಕಾಲು ಬಂದಿದೆ.

ಚೆನ್ನಾಗಿ ಬಿದ್ದ ಕಥೆಯನ್ನು ಹೇಗೆ ಹೇಳಿದೆ ಅಂತ ಬರೆದಿಡುವುದು ನನ್ನ ಚಾಳಿ. ಮುಂದಿನ ಸಲಕ್ಕೆ ಬೇಕಾಗುತ್ತದೆ.

ಮುದುಕಿ ಅಂದರೆ ನನ್ನ ಹಳೇ ಕಂಪ್ಯೂಟರ್. ಕಂಪ್ಯೂಟರನ್ನು ನಡೆಸುವ, ಇನ್ನೂ ಬಿಡುಗಡೆಯಾಗದ ಹೊಸ ಸಿಸ್ಟಮ್ಮನ್ನು ಹಳೇ ಯಂತ್ರಗಳಿಗೆ ಹಾಕಿ ನೋಡುವ ಕೂಟ ನಮ್ಮದು. ರಿಪೇರಿಯವನು, ನರ್ಸಮ್ಮ, ಲೆಕ್ಕದ ಮೇಷ್ಟ್ರು, ನಾನು. ವಾರವೆಲ್ಲ ಅವರವರ ಮನೆಯಲ್ಲಿ ಒದ್ದಾಡುವುದು, ಭಾನುವಾರ ಕೂತು ಹೇಳುವುದು. ಕೊನೆಗೆ ಮೇಷ್ಟ್ರು ಎಲ್ಲ ಸೇರಿಸಿ ಸಿಸ್ಟಮ್ ಮಾಡುವವರಿಗೆ ಕಳಿಸುತ್ತಾರೆ. ನಿಯಮ ಒಂದೇ — ಮೊದಲು ಕಾಯಿಲೆ, ಆಮೇಲೆ ಗುಣ. ಕೆಟ್ಟದ್ದನ್ನೆಲ್ಲ ಹೇಳಿ ಮುಗಿಸದೆ ಒಳ್ಳೆಯದಕ್ಕೆ ಬಾಯಿ ಹಾಕುವಂತಿಲ್ಲ.

ಇವತ್ತು ನಾನು ನಿಯಮ ಮುರಿದೆ. ಭಾವನಿಗೋಸ್ಕರ.

ಗಂಟಲಿನ ಆಪರೇಷನ್ ಆಗಿ ಧ್ವನಿ ಪೂರ್ತಿ ಹೋದಮೇಲೆ ಭಾವ ನಾಲ್ಕು ಜನರ ನಡುವೆ ಕೂತದ್ದು ಇದೇ ಮೊದಲು. ಅಕ್ಕನೇ ಕಳಿಸಿದ್ದಳು. "ಕರ್ಕೊಂಡು ಹೋಗೋ ಮಾರಾಯ. ಮನೇಲಿ ಕೂತು ಕೂತು ಗೋಡೆಗೆ ಡ್ರೈವಿಂಗ್ ಕಲಿಸ್ತಿದ್ದಾರೆ." ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಾಗಿ ಅರ್ಧ ಊರನ್ನು ಗದರಿಸಿದ ಗಂಟಲು ಅದು. ಮೂಲೆಯ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತಿದ್ದರು. ಅವರನ್ನು ನಗಿಸಬೇಕು ಅನ್ನಿಸಿತು. ಶುರು ಮಾಡಿದೆ —

"ಏನ್ ಹೇಳ್ಲಿ ಸ್ವಾಮೀ! ಮೊದಲೆಲ್ಲ ಇವಳನ್ನ ಎಬ್ಬಿಸ್ಬೇಕು ಅಂದ್ರೆ ಗುಂಡಿ ಒತ್ತಿ, ಸ್ನಾನ ಮಾಡಿ, ಬಟ್ಟೆ ಒಣಹಾಕಿ ಬಂದ್ರೂ ಇನ್ನೂ ಮಗ್ಗುಲು ಬದಲಾಯಿಸ್ತಿದ್ಳು. ಮೊನ್ನೆ ಹೊಸದು ಹಾಕ್ದೆ. ಗುಂಡಿ ಒತ್ತಿ, ಕನ್ನಡಕ ಒರೆಸ್ಕೊಂಡು ನೋಡ್ತೀನಿ — ಎದ್ದು, ತಲೆ ಬಾಚ್ಕೊಂಡು, 'ಏನ್ ಕೆಲ್ಸ ಹೇಳಪ್ಪ' ಅಂತ ಕೂತಿದ್ದಾಳೆ!"

ನಗು. ರಿಪೇರಿಯವನು ಮಧ್ಯೆ ಬಾಯಿ ಹಾಕಿದ. "ಸೌಂಡು? ಸೌಂಡ್ ಬಂತೇನ್ರೀ? ಹಳೇ ಯಂತ್ರದಲ್ಲಿ ಅದೇ ಕೈ ಕೊಡೋದು."

"ಸೌಂಡಾ? ಹಾಡಿದ್ಳು ಕಣ್ರೀ! ಪಕ್ಕದ್ಮನೆಯೋರು ಬಾಗ್ಲು ತಟ್ಟಿ 'ಯಾರ್ರೀ ಬಂದಿರೋದು ಇಷ್ಟು ಚೆನ್ನಾಗಿ ಹಾಡೋರು' ಅಂತ ಕೇಳಿದ್ರು!"

ಕೋಣೆ ಎದ್ದು ಕುಣಿಯಿತು. ಭಾವ ನಕ್ಕರು. ಭುಜ ಕುಲುಕಿದವು, ಕಣ್ಣಲ್ಲಿ ನೀರು ಬಂತು. ಸದ್ದು ಮಾತ್ರ ಇಲ್ಲ. ಅದನ್ನು ನೋಡಿ ನನಗೆ ಒಳಗೊಳಗೇ ಹಿಗ್ಗು. ನನ್ನ ನಂತರ ನರ್ಸಮ್ಮ ತನ್ನದೂ ಹಾಡುತ್ತದೆ ಅಂದರು. ಮೇಷ್ಟ್ರೂ ತಲೆ ಆಡಿಸಿದರು.

ಇಲ್ಲಿ ಮಾತ್ರ ಬರೆಯುತ್ತೇನೆ — ಮುದುಕಿಗೆ ಸ್ಪೀಕರೇ ಇಲ್ಲ. ತಂತಿ ಕಿತ್ತು ವರ್ಷವಾಯ್ತು. 'ಗೊತ್ತಿಲ್ಲ' ಅಂದಿದ್ದರೆ ಕಥೆ ಅಲ್ಲೇ ಮುಗ್ಗರಿಸುತ್ತಿತ್ತು. ಇರಲಿ. ಒಂದು ಸ್ಪೀಕರಿನಷ್ಟು ಸುಳ್ಳು.

ಮಾರ್ಚ್ 5, ಮಂಗಳವಾರ

ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ಲೆನ್ಸ್ ಉಜ್ಜಿದೆ. ಉಗುರಿನ ಸಂದಿಯಲ್ಲೆಲ್ಲ ಬಿಳಿ ಪುಡಿ. ಎದುರಿನ ಅಂಗಡಿಯಿಂದ ಅಗ್ಗದ ಸ್ಪೀಕರ್ ತಂದೆ. ಭಾನುವಾರದ ಮಾತನ್ನು ನಿಜ ಮಾಡಿಬಿಡೋಣ ಅಂತ.

ಮುದುಕಿಗೆ ಜೋಡಿಸಿದೆ. ಪರದೆಯ ಮೂಲೆಯಲ್ಲಿ ಸ್ಪೀಕರಿನ ಚಿತ್ರ ಇದೆ. ಹಾಡು ಹಾಕಿದೆ, ಪರದೆಯಲ್ಲಿ ಸದ್ದು ತೋರಿಸುವ ಮುಳ್ಳು ಆಡುತ್ತದೆ. ಸದ್ದಿಲ್ಲ. ತಂತಿ ತೆಗೆದು ಹಾಕಿದೆ. ಇಲ್ಲ. ಸ್ಪೀಕರನ್ನು ಫೋನಿಗೆ ಚುಚ್ಚಿದೆ — ಕಿವಿ ಕಿತ್ತುಹೋಗುವ ಹಾಗೆ ಕಿರುಚಿತು. ಅಂದರೆ ತಪ್ಪು ಮುದುಕಿಯದೇ.

ಬೇರೆ ಕಾಯಿಲೆಗಳೂ ಇವೆ. ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಪಕ್ಕದಲ್ಲಿ ಬಿದ್ದು ಒದ್ದಾಡುತ್ತದೆ. ವೈಫೈ ಮನಸ್ಸು ಬಂದಾಗ ಬರುತ್ತದೆ. ಮುಚ್ಚಿ ತೆಗೆದರೆ ಪರದೆ ಕಪ್ಪು. ಇದ್ಯಾವುದನ್ನೂ ಹೇಳಿಲ್ಲ. ಭಾನುವಾರ ಹೇಳಿದರಾಯ್ತು. ಯಾರ ಮನೆ ಮುಳುಗುತ್ತದೆ?

ಮಾರ್ಚ್ 6, ಬುಧವಾರ, ಸಂಜೆ

ಅಕ್ಕನ ಫೋನು, ಅಂಗಡಿಗೇ. "ಬೇಗ ಬಾರೋ. ನಿಮ್ಮ ಭಾವ ಆ ನಿನ್ನ ಹೊಸದನ್ನ ಹಾಕ್ಕೊಂಡು ಕೂತಿದ್ದಾರೆ. ಮಾತೇ ಬರ್ತಿಲ್ಲ."

ಮೆಟ್ಟಿಲು ಹತ್ತುವಾಗಲೇ ಏನಾಗಿದೆ ಅಂತ ಗೊತ್ತಾಯಿತು.

ಭಾವನ ಮನೆಯ ಕಂಪ್ಯೂಟರು ನನ್ನ ಮುದುಕಿಯ ಓರಗೆಯದು. ಅದರಲ್ಲಿ ಅವರ ಮಾತುಗಳಿವೆ. ಆಪರೇಷನ್ನಿಗೆ ಮೊದಲು ಅಕ್ಕನನ್ನು ಎದುರಿಗೆ ಕೂರಿಸಿಕೊಂಡು, ತಮ್ಮದೇ ದನಿಯಲ್ಲಿ ಹೇಳಿ ತುಂಬಿಸಿದ್ದು. 'ಹೇಳಮ್ಮ.' 'ಊಟ ಆಯ್ತಾ?' 'ಮಾತ್ರೆ ತಗೊಂಡ್ಯಾ?' 'ಹೌದಾ!' 'ಹೂಂ... ಹೂಂ...' ಒಂದೊಂದಕ್ಕೆ ಒಂದೊಂದು ಗುಂಡಿ. ಎಲ್ಲ ಅವರ ಅಮ್ಮನಿಗಾಗಿ. ಅವರಮ್ಮ ಬೇರೆ ಊರಿನಲ್ಲಿ ದೊಡ್ಡ ಮಗನ ಮನೆಯಲ್ಲಿದ್ದಾರೆ. ದಿನಾ ಸಂಜೆ ಫೋನ್ ಮಾಡುತ್ತಾರೆ. ಮಗನ ಧ್ವನಿ ಹೋದದ್ದು ಅವರಿಗೆ ಗೊತ್ತಿಲ್ಲ. ಗಂಡನೂ ಗಂಟಲಿನ ಕಾಯಿಲೆಯಲ್ಲೇ ಹೋದವರು — ಅಮ್ಮನಿಗೆ ಹೇಳಬಾರದು ಅಂತ ಭಾವನದು ಹಟ.

ಇಷ್ಟು ದಿನ ನಡೆದುಕೊಂಡು ಬಂತು. ಮಾತಾಡುವುದೆಲ್ಲ ಅಮ್ಮನೇ. ಇವರು ಫೋನನ್ನು ಸ್ಪೀಕರಿಗೆ ಹಿಡಿದು ಗುಂಡಿ ಒತ್ತುತ್ತಾರೆ. ಒಂದು ಸಲ ಅವರು ಯಾರೋ ನೆಂಟರು ತೀರಿಕೊಂಡ ಸುದ್ದಿ ಹೇಳಿದಾಗ ಭಾವ ತಪ್ಪು ಗುಂಡಿ ಒತ್ತಿ 'ತುಂಬಾ ಒಳ್ಳೇದಾಯ್ತು' ಅಂದುಬಿಟ್ಟರಂತೆ. ಆ ಕಡೆಯಿಂದ — "ಬಿಡು, ನಿನಗೆ ಮೊದಲಿಂದ್ಲೂ ಅವನನ್ನ ಕಂಡ್ರೆ ಆಗ್ತಿರ್ಲಿಲ್ಲ."

ಯಂತ್ರ ನಿಧಾನವಾಗಿತ್ತು. ಗುಂಡಿ ಒತ್ತಿದ ಎಷ್ಟೋ ಹೊತ್ತಿಗೆ ಮಾತು ಬರುತ್ತಿತ್ತು. ಹೋದ ವಾರ ಅವರಮ್ಮ ಕೇಳಿದರಂತೆ, "ಯಾಕೋ ತಡೆದು ತಡೆದು ಉತ್ತರ ಕೊಡ್ತೀಯ? ನನ್ನ ಹತ್ರ ಮಾತಾಡೋಕೆ ಇಷ್ಟ ಇಲ್ವಾ?"

ಅದು ಭಾವನ ಎದೆಗೆ ನಾಟಿದೆ. ಭಾನುವಾರ ನನ್ನ ಕಥೆ ಕೇಳಿದ್ದಾರೆ. ಥಟ್ಟನೆ ಏಳುತ್ತದೆ, ಹಾಡುತ್ತದೆ. ಇನ್ನೇನು ಬೇಕು?

ಹಾಕಿದ್ದಾರೆ. ಎದ್ದಿದೆ, ಥಟ್ಟನೆಯೇ. ಗುಂಡಿಗಳೆಲ್ಲ ಇವೆ. ಒತ್ತಿದರೆ ಮುಳ್ಳು ಆಡುತ್ತದೆ. ಸದ್ದಿಲ್ಲ. ಹಳೇ ಸಿಸ್ಟಮ್ಮಿಗೆ ಹಿಂದಕ್ಕೆ ಹೋಗುವ ದಾರಿಯನ್ನು ಸಿಸ್ಟಮ್ಮಿನವರು ಇನ್ನೂ ಮಾಡಿಲ್ಲ. ಆ ಮಾತಿನ ಪ್ರೋಗ್ರಾಂ ಈ ಯಂತ್ರದ ಒಳಗಿನ ಒಂದು ಬೋರ್ಡಿಗೇ ಕಟ್ಟಿ ಕೊಟ್ಟದ್ದು, ಬೇರೆ ಯಂತ್ರದಲ್ಲಿ ತೆರೆಯುವುದಿಲ್ಲ.

ಅಕ್ಕ ಗಂಡನ ಮೇಲೆ ರೇಗುತ್ತಿದ್ದಳು. "ಚೆನ್ನಾಗಿದ್ದದ್ದನ್ನ ಯಾರು ಮುಟ್ಟಿ ಅಂದ್ರು ನಿಮ್ಮನ್ನ? ಕೈ ಸುಮ್ನೆ ಇರಲ್ವಾ?" ಭಾವ ಬಿಳಿ ಹಲಗೆ ಎತ್ತಿಕೊಂಡರು. ಡ್ರೈವಿಂಗ್ ಸ್ಕೂಲಿನದು. ಗೇರಿನ ಗೆರೆಗಳು ಉಜ್ಜಿದರೂ ಹೋಗದೆ ಉಳಿದಿವೆ. ಅದರ ಮೇಲೆ ಬರೆದರು — 'ಅವನದು ಹಾಡ್ತು. ನಾನೇ ಏನೋ ತಪ್ಪು ಮಾಡಿದೀನಿ.'

ಆಗ ಹೇಳಬೇಕಿತ್ತು.

"ಹೌದು ಭಾವ," ಅಂದೆ, "ಯಾವುದೋ ಸೆಟ್ಟಿಂಗ್ ತಪ್ಪಿರ್ಬೇಕು."

ಮಾರ್ಚ್ 7, ಗುರುವಾರ

ಅಂಗಡಿ ಮುಚ್ಚಿ ನೇರ ಅಲ್ಲಿಗೆ. ಇರುವ ಸೆಟ್ಟಿಂಗೆಲ್ಲ ಆ ಕಡೆ ಈ ಕಡೆ ಮಾಡಿದೆ. ಆಗುವುದಿಲ್ಲ ಅಂತ ಗೊತ್ತಿದ್ದೂ ಮಾಡಿದೆ. ಭಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಕಲಿಯುವ ಹುಡುಗನ ಹಾಗೆ ನನ್ನ ಬೆರಳನ್ನೇ ನೋಡುತ್ತಿದ್ದರು.

ಫೋನ್ ಬಂತು. ಅಕ್ಕ ತೆಗೆದಳು. "ಇಲ್ಲ ಅತ್ತೆ, ಯಾರೋ ಕಲಿಯೋರು ಬಂದಿದ್ರು, ಹೊರಗೆ ಹೋದ್ರು." ಆ ಕಡೆ ಏನೋ ಕೇಳಿದರು. ಅಕ್ಕನಿಗೆ ಮಾತು ತಡವರಿಸಿತು, ಫೋನ್ ನನ್ನ ಕೈಗೆ ತುರುಕಿದಳು. ಮಾತಿನ ಮಲ್ಲ ನಾನೇ ಅಲ್ಲವೇ.

"ಭಾವನಿಗೆ ಶೀತ ಆಗಿದೆ ಅತ್ತೆ. ಗಂಟಲು ಕಟ್ಟಿದೆ. ಅಕ್ಕ ನಿಮಗೆ ಗಾಬರಿ ಆಗುತ್ತೆ ಅಂತ ಹೊರಗೆ ಹೋದ್ರು ಅಂದ್ಲು, ಅಷ್ಟೇ. ನೋಡಿ ಇಲ್ಲೇ ಕೂತಿದ್ದಾರೆ, ಮೂಗು ಟೊಮೇಟೊ ಆಗಿದೆ."

ನಕ್ಕರು. ಆಮೇಲೆ ಅಂದರು, "ಮಾತಾಡೋದು ಬೇಡಪ್ಪ. ಒಂದು ಸಲ ಕೆಮ್ಮೋಕೆ ಹೇಳು. ಅಷ್ಟು ಕೇಳಿಸ್ಕೊಂಡು ಇಟ್ಬಿಡ್ತೀನಿ."

ಭಾವನ ಕಿವಿಗೂ ಬಿತ್ತು. ನನ್ನ ಮುಖ ನೋಡಿದರು. ಅವರ ಕೆಮ್ಮು ಈಗ ಬಾಯಿಂದ ಬರುವುದಿಲ್ಲ. ಕತ್ತಿನ ತೂತಿನಿಂದ ಬರೀ ಗಾಳಿ ನುಗ್ಗುತ್ತದೆ.

ಭಾವನ ಕಡೆ ಬೆನ್ನು ತಿರುಗಿಸಿ ನಾನೇ ಕೆಮ್ಮಿದೆ.

"ಪಾಪ," ಅಂದರು ಆ ಕಡೆಯಿಂದ. "ಬಿಸಿನೀರು ಕುಡೀಲಿ."

ಹಿಂದಕ್ಕೆ ತಿರುಗಲು ಧೈರ್ಯ ಬರಲಿಲ್ಲ.

ಮಾರ್ಚ್ 8, ಶುಕ್ರವಾರ

ಎಡಗಣ್ಣಿನ ಲೆನ್ಸನ್ನು ಬಲಗಣ್ಣಿನ ನಂಬರಿಗೆ ಉಜ್ಜಿದೆ. ಯಜಮಾನರು ಬೆಳಕಿಗೆ ಹಿಡಿದು ನೋಡಿ, "ಏನಯ್ಯಾ, ನಿನ್ನ ಕಣ್ಣೇ ಪರೀಕ್ಷೆ ಮಾಡಿಸ್ಬೇಕಾ?" ಅಂದರು.

ಇದೇ ಸಿಸ್ಟಮ್ಮನ್ನು ಹಾಕಿ ನೋಡುವ ಬೇರೆ ಊರಿನವರು ಇಂಟರ್ನೆಟ್ಟಿನಲ್ಲಿ ಬರೆದದ್ದನ್ನು ಓದಿದೆ. ಹಳೇ ಬೋರ್ಡಿನ ಸೌಂಡು ಈ ಸಿಸ್ಟಮ್ಮಿಗೆ ಇನ್ನೂ ಗುರುತೇ ಇಲ್ಲ. ಹೊರಗಿನಿಂದ ಚುಚ್ಚುವ ಸೌಂಡ್ ಕಡ್ಡಿ ಹಾಕಿದರೆ ಬರುತ್ತದಂತೆ, ಅದೂ ಹಳೇ ಕಾಲದ ಕಡ್ಡಿ. ಪೇಟೆಯಲ್ಲಿ ಹೊಸದೊಂದು ಕೊಂಡೆ. ಮುದುಕಿ ಅದನ್ನು ಮೂಸಿಯೂ ನೋಡಲಿಲ್ಲ.

ಹಳೇ ಕಡ್ಡಿಗಳು ರಿಪೇರಿಯವನ ಡ್ರಾಯರಿನಲ್ಲಿ ಹಿಡಿ ಹಿಡಿ ಇವೆ. ಹೋದೆ. ಬಾಗಿಲಲ್ಲೇ ಅವನು — "ಬನ್ನಿ ಕಥೆಗಾರರೇ! ಮುದುಕಿ ಇವತ್ತು ಯಾವ ರಾಗ?" ಅಲ್ಲಿದ್ದ ಗಿರಾಕಿಗೆ, "ಇವರೇ ನೋಡಿ, ನಾನು ಹೇಳಿದ್ನಲ್ಲ" ಅಂತ ಪರಿಚಯ ಬೇರೆ. ಗಿರಾಕಿ ಕೈ ಮುಗಿದ.

ನಾನೂ ನಕ್ಕೆ. ಪರದೆ ಒರೆಸುವ ಬಟ್ಟೆ ಒಂದು ಕೊಂಡು ಬಂದೆ.

ಮಾರ್ಚ್ 9, ಶನಿವಾರ

ಭಾವ ಬರೆದರು — 'ನಿನ್ನದನ್ನ ಇಲ್ಲಿಗೆ ತಾ. ಪಕ್ಕ ಪಕ್ಕ ಇಟ್ಟು ನೋಡೋಣ.'

"ಅದರ ಫ್ಯಾನ್ ಹೋಗಿದೆ ಭಾವ."

ಸುಳ್ಳು ಈಗ ಕೇಳುವ ಮೊದಲೇ ಸಿದ್ಧವಾಗಿರುತ್ತದೆ.

ಅಕ್ಕ ಬಾಗಿಲ ತನಕ ಬಂದು ಪಿಸುಗುಟ್ಟಿದಳು. ಅತ್ತೆಗೆ ಅನುಮಾನ ಬಂದಿದೆ. ಭಾನುವಾರ ಸಂಜೆಯೊಳಗೆ ಮಗನ ದನಿ ಕೇಳದಿದ್ದರೆ ಸೋಮವಾರ ಬೆಳಿಗ್ಗೆ ದೊಡ್ಡ ಮಗನ ಜೊತೆ ಬಸ್ಸು ಹತ್ತುತ್ತಾರಂತೆ. "ಅವರ ಕತ್ತು ನೋಡಿದ್ರೆ ಅತ್ತೆ ಅಲ್ಲೇ ಕುಸೀತಾರೆ ಕಣೋ. ಏನಾದ್ರೂ ಮಾಡೋ. ನಿನಗೆ ಗೊತ್ತಿರೋದು ನಮಗ್ಯಾರಿಗೂ ಗೊತ್ತಿಲ್ಲ."

ಹೌದು. ನನಗೆ ಗೊತ್ತಿರುವುದು ಯಾರಿಗೂ ಗೊತ್ತಿಲ್ಲ.

ಮಾರ್ಚ್ 10, ಭಾನುವಾರ

ಭಾವ ತಾವೇ ಡ್ರೈವಿಂಗ್ ಸ್ಕೂಲಿನ ಕಾರು ತೆಗೆದರು. ಯಂತ್ರವನ್ನು ಹಿಂದಿನ ಸೀಟಿನಲ್ಲಿಟ್ಟು ಬೆಲ್ಟು ಹಾಕಿದ್ದರು, ಮಗುವಿಗೆ ಹಾಕಿದ ಹಾಗೆ.

ರಿಪೇರಿಯವನು ಮುಚ್ಚಳ ಬಿಚ್ಚಿ ಬೆಳಕು ಬಿಟ್ಟು ನೋಡಿದ. ಸ್ಪೀಕರ್ ಬದಲಾಯಿಸಿದ. ಒಂದು ಗಳಿಗೆ ಯೋಚಿಸಿ ನನ್ನ ಕಡೆ ತಿರುಗಿದ.

"ನಿಮ್ಮದೂ ಇದೇ ಬೋರ್ಡಲ್ವಾ?"

"ಹೂಂ."

"ಹಾಗಾದ್ರೆ ಸಿಸ್ಟಮ್ಮಿನ ತಪ್ಪಲ್ಲ. ಮೇಷ್ಟ್ರದು ಹಾಡುತ್ತೆ, ನರ್ಸಮ್ಮಂದು ಹಾಡುತ್ತೆ, ನಿಮ್ಮದಂತೂ ಪಕ್ಕದ್ಮನೆಗೂ ಕೇಳುತ್ತೆ. ಇದರ ಬೋರ್ಡೇ ಸುಟ್ಟಿದೆ ಸಾರ್," ಅಂತ ಭಾವನಿಗೆ ಹೇಳಿದ. "ಕಿತ್ತು ಬೇರೆ ಹಾಕೋಣ. ಇದನ್ನ ಗುಜರಿಗೆ ಬಿಸಾಕಿ."

ಬೋರ್ಡು ಹೋದರೆ ಆ ಪ್ರೋಗ್ರಾಮೂ ಹೋಯಿತು. ಒಳಗಿರುವ ಅಷ್ಟೂ ಮಾತು ಹೋಯಿತು. ಭಾವನಿಗೂ ಅದು ಗೊತ್ತು. ಆದರೂ ಅವರೇನು ಮಾಡಿಯಾರು? ಸುಟ್ಟ ಬೋರ್ಡಿಗೆ ಅಂಗಲಾಚುತ್ತಾರೆಯೇ? ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಆಗಲಿ ಅಂತ ತಲೆ ಆಡಿಸಿದರು. ಸ್ಕ್ರೂಡ್ರೈವರ್ ಒಂದು ಸುತ್ತು ತಿರುಗಿತು.

"ನನ್ನದು ಹಾಡಿಲ್ಲ," ಅಂದೆ.

"ಏನು?"

"ಮುದುಕಿ ಹಾಡಿಲ್ಲ. ಅವತ್ತು ಸ್ಪೀಕರೇ ಇರ್ಲಿಲ್ಲ. ಪಕ್ಕದ ಮನೆಯೋರು ಬರ್ಲಿಲ್ಲ."

ರಿಪೇರಿಯವನ ಮುಖ ಅರಳಿತು. ಕೈಯಲ್ಲಿದ್ದದ್ದು ಕೆಳಗಿಟ್ಟು, ಸ್ಟೂಲು ಎಳೆದುಕೊಂಡು ಕೂತ. "ಸರಿ... ಆಮೇಲೆ?"

ನರ್ಸಮ್ಮನೂ ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಹೊಸ ಕಥೆಯ ಶುರು ಅಂದುಕೊಂಡಿದ್ದಾರೆ! ನಗಲು ತಯಾರಾಗಿ ನನ್ನ ಬಾಯಿ ನೋಡುತ್ತಿದ್ದಾರೆ. ಇಡೀ ಜನ್ಮದಲ್ಲಿ ಅಂಥ ನಾಚಿಕೆ ಆಗಿಲ್ಲ.

"ಆಮೇಲೆ ಇಲ್ಲ. ಅಷ್ಟೇ. ಸುಳ್ಳು ಹೇಳಿದೆ. ಮಂಗಳವಾರ ಸ್ಪೀಕರ್ ತಂದು ನೋಡಿದೆ, ಬರ್ಲಿಲ್ಲ. ಗೊತ್ತಿದ್ದೂ ಇಷ್ಟು ದಿನ ಬಾಯಿ ಬಿಡ್ಲಿಲ್ಲ. ಬೋರ್ಡು ಚೆನ್ನಾಗೇ ಇದೆ. ಭಾವ ಏನೂ ತಪ್ಪು ಮಾಡಿಲ್ಲ."

ರಿಪೇರಿಯವನು ಸ್ಟೂಲನ್ನು ಹಿಂದಕ್ಕೆ ತಳ್ಳಿ ಎದ್ದ.

ನರ್ಸಮ್ಮ ಮೆಲ್ಲಗೆ, "ನನ್ನದೂ... ಒಂದು ಕುಂಯ್ ಅಂದಿಲ್ಲ ಕಣ್ರೀ. ನಿಮ್ಮದು ಹಾಡಿದಮೇಲೆ ನನ್ನದು ಮೂಗಿ ಅಂತ ಹೆಂಗೆ ಹೇಳೋದು ಅಂತ..." ಮೇಷ್ಟ್ರು ಕನ್ನಡಕ ತೆಗೆದು ಮಡಿಸಿದರು. "ನಾನು ಹಾಕಿ ನೋಡೇ ಇಲ್ಲ. ಸೌಂಡ್ ತೊಂದರೆ ಇಲ್ಲ ಅಂತ ಸಿಸ್ಟಮ್ಮಿನವರಿಗೆ ಬರೆದೂ ಕಳಿಸಿಬಿಟ್ಟೆ." ರಿಪೇರಿಯವನು ಯಾರನ್ನೂ ನೋಡದೆ ಬಿಚ್ಚಿದ ಸ್ಕ್ರೂವನ್ನು ಮತ್ತೆ ಬಿಗಿ ಮಾಡಿದ. ಡ್ರಾಯರನ್ನೆಲ್ಲ ಸುರಿದು ಹುಡುಕಿದ. ಯಾವ ಕಡ್ಡಿಯೂ ಹೊಂದಲಿಲ್ಲ. "ಮನೇಲಿ ಇನ್ನೊಂದು ಡಬ್ಬ ಇದೆ," ಅಂದ. ನನಗಲ್ಲ, ಭಾವನಿಗೆ.

ಭಾವ ಹಲಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದರು. ಕಾರಿನ ಹತ್ತಿರ ಹೋಗಿ ಕಲಿಸುವವರ ಸೀಟಿನಲ್ಲಿ ಕೂತರು. ಅಂದರೆ ನಾನು ಓಡಿಸಬೇಕು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದರು. ಸಿಗ್ನಲಿನಲ್ಲಿ ನನಗೆ ಕಣ್ಣು ಮಂಜಾಗಿ ಮುಂದಿನ ಗಾಡಿಗೆ ಇನ್ನೇನು ಗುದ್ದಬೇಕು — ಆಗಲೂ ತಮ್ಮ ಕಾಲಡಿಯ ಬ್ರೇಕನ್ನು ತುಳಿಯಲಿಲ್ಲ.

ಸಂಜೆ ಫೋನ್ ಬಂತು. ಅಕ್ಕ, "ಇನ್ನೂ ಗಂಟಲು ಕಟ್ಟಿದೆ ಅತ್ತೆ" ಅಂದಳು. "ಆಯ್ತು, ಬೆಳಿಗ್ಗೆ ಹೊರಡ್ತೀವಿ" ಅಂದರು ಅವರು.

ಮಾರ್ಚ್ 11, ಸೋಮವಾರ, ಅಕ್ಕನ ಮನೆಯ ಮೆಟ್ಟಿಲು

ರಾತ್ರಿ ಇಲ್ಲೇ ಉಳಿದಿದ್ದೆ. ಬೆಳಿಗ್ಗೆ ಬಾಗಿಲು ತೆರೆದಾಗ ರಿಪೇರಿಯವನು ನಿಂತಿದ್ದ, ಅಂಗಡಿ ತೆರೆಯದೆ, ಕಂಕುಳಲ್ಲಿ ಬಿಸ್ಕತ್ತಿನ ಡಬ್ಬ. ಹಿಂದೆಯೇ ನರ್ಸಮ್ಮ, ಡ್ಯೂಟಿ ಮುಗಿಸಿ ಯೂನಿಫಾರಮ್ಮಿನಲ್ಲೇ. ಮೇಷ್ಟ್ರು ಶಾಲೆಗೆ ರಜೆ ಹಾಕಿ ತಮ್ಮ ಯಂತ್ರದಿಂದ ಸಿಕ್ಕಿದ್ದೆಲ್ಲ ಕಿತ್ತು ತಂದಿದ್ದರು. ಯಾರೂ ನನ್ನನ್ನು ಬೈಯಲಿಲ್ಲ. ಮಾತಾಡಿಸಲೂ ಇಲ್ಲ. ನರ್ಸಮ್ಮ ಟೀ ಲೋಟವನ್ನು ನನ್ನ ಮುಂದೆ ಇಟ್ಟರು, ಕೈಗೆ ಕೊಡಲಿಲ್ಲ.

ಒಂದೊಂದೇ ಚುಚ್ಚಿ ನೋಡಿದರು. ಮೇಷ್ಟ್ರ ಕಡ್ಡಿಗಳು ಕೂಡಲಿಲ್ಲ. ಡಬ್ಬದ ತಳದಲ್ಲಿದ್ದ, ಅರ್ಧ ಮುರಿದ ಒಂದಕ್ಕೆ ಪರದೆಯಲ್ಲಿ ಏನೋ ಮಿನುಗಿತು. ಭಾವ ಗುಂಡಿ ಒತ್ತಿದರು.

"ಹೇಳಮ್ಮ."

ಅದೇ ದನಿ. ಸ್ವಲ್ಪ ಗಡಸು, ಸ್ವಲ್ಪ ಅವಸರ. ತಡವಿಲ್ಲದೆ ಬಂತು. ಅಕ್ಕ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿದಳು.

ಆಮೇಲೆ ಅವಳೇ ಬಂದು ಅತ್ತೆಯ ಫೋನಿಗೆ ಮಾಡಿದಳು. ತೆಗೆಯಲಿಲ್ಲ. ದೊಡ್ಡ ಮಗನಿಗೆ ಮಾಡಿದಳು. "ಬಸ್ಸಲ್ಲಿದ್ದೀವಿ. ಅರ್ಧ ದಾರಿ ಆಯ್ತು. ಅಮ್ಮ ಕಿಟಕಿಗೆ ಒರಗಿ ನಿದ್ದೆ ಮಾಡ್ತಿದ್ದಾಳೆ."

ರಿಪೇರಿಯವನು ಡಬ್ಬದ ಮುಚ್ಚಳ ಹಾಕಿದ. ಆದರೆ ಹೋಗಲಿಲ್ಲ. ಮೂವರೂ ಹೋಗಲಿಲ್ಲ. ಮೇಷ್ಟ್ರು ತಂತಿಗಳನ್ನು ಸುತ್ತಿ ಮೇಜಿನ ಹಿಂದೆ ಸೇರಿಸಿದರು. ನರ್ಸಮ್ಮ ಕೈ ತೊಳೆದು ಬಂದು ಭಾವನ ಕತ್ತಿನ ಬಟ್ಟೆ ಬಿಚ್ಚಿ ಹೊಸದು ಕಟ್ಟಿದರು, ಒಂದೂ ಕಲೆ ಕಾಣದ ಹಾಗೆ. ಒಂದು ಕುರ್ಚಿಯನ್ನು ಭಾವನ ಹತ್ತಿರಕ್ಕೆ ಎಳೆದಿಟ್ಟು, ಪಕ್ಕದಲ್ಲಿ ನೀರಿನ ಲೋಟ ಇಟ್ಟರು. ಬರುವವರಿಗೆ.

"ನೀವು ಒಳಗಿನ ಕೋಣೇಲಿ ಇದ್ದು ಗುಂಡಿ ಒತ್ತಿ, ನಾನು ಬಾಗ್ಲಲ್ಲೇ ಏನೋ ಹೇಳಿ..." ಅಂತ ಅಕ್ಕ ಶುರು ಮಾಡಿದಳು. ಭಾವ ಬೇಡ ಅಂತ ಕೈ ಆಡಿಸಿದರು. ಹಲಗೆ ಎತ್ತಿಕೊಂಡು ಬರೆದು, ನಿನ್ನೆಯಿಂದ ಮೊದಲ ಸಲ ನನ್ನ ಕಡೆ ತಿರುಗಿಸಿದರು.

'ನೀನೇ ಹೇಳು. ಚೆನ್ನಾಗಿ ಹೇಳಬೇಡ.'

ಅದಕ್ಕೇ ಇಲ್ಲಿ ಬಂದು ಕೂತಿದ್ದೇನೆ. ಮೊದಲ ವಾಕ್ಯ ಬರೆದುಕೊಳ್ಳಲು. ಬರೆದು ಬರೆದು ಹೊಡೆದು ಹಾಕುತ್ತಿದ್ದೇನೆ. ಎಲ್ಲವೂ ಚೆನ್ನಾಗಿವೆ.

ಕೆಳಗೆ ಗಾಡಿ ನಿಂತಿತು. ಅಕ್ಕ ನನ್ನನ್ನು ದಾಟಿಕೊಂಡು ಇಳಿದಳು. ಕೋಲಿನ ಸದ್ದು, ಒಂದೊಂದೇ ಮೆಟ್ಟಿಲು.

ಅತ್ತೆ, ಭಾವನಿಗೆ ಧ್ವನಿ ಹೋಗಿದೆ.